ಏರು ಮುಗಿದ ಮೇಲಿನ ಎರಡು ನಿಮಿಷ

ಕಾರ್ತಿಕ ಸೋಮವಾರದ ದೀಪಕ್ಕೆಂದು ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತ ಕುಳಿತಿದ್ದೆ. ಬೆರಳಿಗೆಲ್ಲ ವಿಭೂತಿ. ಸೆರಗಿಗೆ ಕೈ ಒರೆಸಿಕೊಳ್ಳುವಷ್ಟರಲ್ಲಿ ಫೋನು ಒಮ್ಮೆ ಬಡಿದು ನಿಂತು ಮತ್ತೆ ಬಡಿಯತೊಡಗಿತು. ಕುಂಬಾರವಾಡದಿಂದ ಅಳಿಯಂದಿರು. ಅವರ ಊರಿನಲ್ಲಿ ಫೋನು ಹತ್ತುವುದು ಶಾಲೆಯ ಹಿಂದಿನ ದಿಬ್ಬದ ಮೇಲೆ ಮಾತ್ರ. ಹಾಗಾಗಿ ಅವರು ಫೋನು ಮಾಡಿದರೆಂದರೆ ದಿಬ್ಬ ಹತ್ತಿ ಬಂದು ಹೇಳುವಂಥ ಮಾತೇ ಇರುತ್ತದೆ.

"ಅತ್ತ್ಯಾರ, ಬ್ಯಾನಿ ಸುರು ಆಗ್ಯಾವ," ಅಂದರು. ಏದುಸಿರು ಬಿಡುತ್ತಿದ್ದರು. "ಊರಾಗ ಒಂದೂ ಗಾಡಿ ಇಲ್ಲ. ಆಂಬುಲೆನ್ಸ್ ಬರೂದು ಇನ್ನೂ ತಡ ಅಂತ. ಮಾವಾರಿಗೆ ಜಲ್ದಿ ಬರಾಕ ಹೇಳ್ರಿ."

ಮಗಳಿಗೆ ಎಂಟು ತಿಂಗಳು ತುಂಬಲು ಇನ್ನೂ ನಾಲ್ಕು ದಿನ ಇತ್ತು. ಏಳರಲ್ಲಿ ಸೀಮಂತದ ಕುಬಸ ಮಾಡಿ ಕರೆತರಬೇಕಿತ್ತು. ಅದೇ ವಾರ ಅವಳ ಅತ್ತೆ ಅಂಗಡಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದರು, ಬಿಟ್ಟು ಬರಲು ಮಗಳಿಗೆ ಮನಸ್ಸಾಗಲಿಲ್ಲ. ಎಂಟರಲ್ಲಿ ಬಸುರಿಯನ್ನು ಹೊಳೆ ದಾಟಿಸಬಾರದು ಎಂಬುದು ನಮ್ಮ ಮನೆತನದಲ್ಲಿ ನಡೆದುಕೊಂಡು ಬಂದದ್ದು. ಅಲ್ಲಿಂದ ನಮ್ಮೂರಿಗೆ ಬರಲು ಕಾಳಿ ಹೊಳೆ ದಾಟಲೇಬೇಕು. ಒಂಬತ್ತು ಬಿದ್ದ ದಿನ ಬೆಳಗ್ಗೆಯೇ ಹೋಗಿ ಕರೆತರುವುದೆಂದು ಮಾತಾಗಿತ್ತು.

ನಮ್ಮ ಮನೆಯವರು ಅಂಗಳದಲ್ಲಿ ಜೀಪಿನ ಗಾಜು ಒರೆಸುತ್ತಿದ್ದರು. ನಾನು ಹೊರಗೆ ಬಂದ ರೀತಿ ನೋಡಿಯೇ ಬಟ್ಟೆ ಬಿಸಾಕಿ ಚಾವಿ ತಿರುಗಿಸಿದರು. ಎಂಜಿನ್ ಹೊತ್ತಿಕೊಂಡಿತು. ಅದರ ಬೆನ್ನಿಗೇ ಆ ಸಿಳ್ಳು. ಯಾರೋ ಮಾತಾಡುವ ಮುನ್ನ ಹಲ್ಲಿನ ಸಂದಿಯಿಂದ ಉದ್ದಕ್ಕೆ ಉಸಿರು ಎಳೆದುಕೊಂಡಂಥ ಸದ್ದು. ಆರು ತಿಂಗಳಿಂದ ಕೇಳುತ್ತಿದ್ದರೂ ನನಗೆ ಅದು ರೂಢಿಯಾಗಿರಲಿಲ್ಲ.

ಆ ಸಿಳ್ಳು ನಮ್ಮ ಮನೆಗೆ ಹೇಗೆ ಬಂತು ಎಂಬುದನ್ನು ಮೊದಲು ಹೇಳಬೇಕು.

ನಮ್ಮದು ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಯ ಪಕ್ಕದ ಹಳ್ಳಿ. ಜೀಪು ಮಾವನವರ ಕಾಲದ್ದು. ಅವರು ಅದರಲ್ಲಿ ಜೋಯಿಡಾ, ಕುಂಬಾರವಾಡ, ಉಳವಿ ಕಡೆಯ ಅಂಗಡಿಗಳಿಗೆ ಸಾಮಾನು ಹಾಕಿ ಬರುತ್ತಿದ್ದರು. ಅವರ ನಂತರ ನಮ್ಮ ಮನೆಯವರು ಅದೇ ಕೆಲಸ ಹಿಡಿದರು. ಮಗಳನ್ನು ಕುಂಬಾರವಾಡದ ಕಿರಾಣಿ ಅಂಗಡಿಯವರ ಮನೆಗೆ ಕೊಟ್ಟದ್ದೂ ಆ ಓಡಾಟದ ಪರಿಚಯದಿಂದಲೇ. ಗಾಡಿ ಗಟ್ಟಿಮುಟ್ಟು, ಆದರೆ ಏರು ಬಂತೆಂದರೆ ಅದಕ್ಕೆ ದಮ್ಮು. ಸೂಪಾ ಅಣೆಕಟ್ಟು ದಾಟಿ ರಸ್ತೆ ಜೋಯಿಡಾ ಕಡೆಗೆ ಏರತೊಡಗಿದರೆ ಎರಡನೇ ಗೇರಿನಲ್ಲಿ ಗೊಣಗುತ್ತ, ನಡೆದು ಹೋಗುವವರ ಜೊತೆ ಮಾತಾಡಬಹುದಾದಷ್ಟು ಮೆಲ್ಲಗೆ ಹೋಗುತ್ತಿತ್ತು.

ಎರಡು ವರ್ಷದ ಹಿಂದೆ, ಮಳೆಗಾಲದಲ್ಲಿ, ಮಗಳ ಮೊದಲ ಬಸುರಿನಲ್ಲೂ ಹೀಗೇ ಅವೇಳೆಗೆ ನೋವು ಬಂತು. ಆ ದಿನವೂ ಅಲ್ಲಿ ಗಾಡಿ ಸಿಗಲಿಲ್ಲ. ನಾವೇ ಹೋಗಿ ಕರೆದುಕೊಂಡು ದಾಂಡೇಲಿಯ ಆಸ್ಪತ್ರೆ ಮುಟ್ಟಿದೆವು. ಡಾಕ್ಟರಮ್ಮ "ಒಂದು ತಾಸು ಮೊದಲು ತಂದಿದ್ದರೆ" ಎಂದು ಹೇಳಿ ಅಲ್ಲಿಗೇ ಮಾತು ನಿಲ್ಲಿಸಿದರು. ಕೂಸು ಅಳಲಿಲ್ಲ.

ಆ ಒಂದು ತಾಸು ನಮ್ಮ ಮನೆಗೆ ಬಂದು ಕುಳಿತುಬಿಟ್ಟಿತು. ನಮ್ಮ ಮನೆಯವರು ಅದನ್ನು ಏರಿನಲ್ಲಿ ಕಳೆದ ತಾಸು ಎಂದುಕೊಂಡರು. ಊಟಕ್ಕೆ ಕೂತವರು ಕೈ ತಡೆದು "ಗಾಡಿ ಎಳೀಲಿಲ್ಲ" ಅನ್ನುತ್ತಿದ್ದರು. ನಾನು ಬೇರೆಯೇ ಎಂದುಕೊಂಡೆ, ಆದರೆ ಬಾಯಿ ಬಿಟ್ಟು ಹೇಳಲಿಲ್ಲ.

ಆ ಏರು ಮುಗಿಯುವಲ್ಲಿ, ರಸ್ತೆ ಬಲಕ್ಕೆ ಹೊರಳುವ ಕಡೆ, ಒಂದು ಮತ್ತಿ ಮರದ ಬುಡದಲ್ಲಿ ಕಲ್ಲಿದೆ. ಅದಕ್ಕೆ ಕಣ್ಣು ಮೂಗು ಕೆತ್ತಿಲ್ಲ, ಹೆಸರನ್ನೂ ಯಾರೂ ಹೇಳುವುದಿಲ್ಲ. ಹಾದು ಹೋಗುವವರು ಒಂದು ಹಸಿರೆಲೆ ಹಾಕಬೇಕು. ಎಲೆಗಳ ರಾಶಿ ಮೊಣಕಾಲೆತ್ತರ ಇರುತ್ತದೆ. ಮಳೆಗಾಲದಲ್ಲೂ ಅದು ಕೊಳೆತದ್ದನ್ನು ನಾನು ನೋಡಿಲ್ಲ. ಮಾವನವರು ಏರು ಮುಗಿದ ಕೂಡಲೇ ಎಂಜಿನ್ ಬಂದ್ ಮಾಡಿ, ಗಾಡಿಯನ್ನು ಸದ್ದಿಲ್ಲದೆ ಉರುಳಿಸಿಕೊಂಡು ಆ ಕಲ್ಲಿನ ಮುಂದೆ ತಂದು ನಿಲ್ಲಿಸುತ್ತಿದ್ದರು. ನಾನು ಹೊಸ ಸೊಸೆಯಾಗಿ ಮೊದಲ ಸಲ ಉಳವಿಗೆ ಹೋದಾಗ ಅದನ್ನು ನೋಡಿದ್ದೆ. ಅಷ್ಟು ಹೊತ್ತಿನ ಗುಡುಗು ಒಮ್ಮೆಲೇ ನಿಂತು, ಕಾಡು ನಮ್ಮನ್ನೇ ನೋಡುತ್ತ ಕೂತಂತೆ ಅನಿಸಿತ್ತು. ಅಂದಿನಿಂದ ಅದು ನಮ್ಮ ಮನೆಯ ನೇಮವೆಂದೇ ನನ್ನ ತಲೆಯಲ್ಲಿ ಉಳಿಯಿತು.

ಮೊದಲ ಸಲ ಮಗಳನ್ನು ತರಲು ಹೋದ ದಿನ ಆ ಮಳೆಯಲ್ಲಿ ನಾವು ಅಲ್ಲಿ ನಿಲ್ಲಲಿಲ್ಲ. ಎಲೆ ಹಾಕಲಿಲ್ಲ. ಹಾಗೇ ದಾಟಿ ಹೋಗಿಬಿಟ್ಟೆವು.

ಮುಂದೆ ಮಗಳಿಗೆ ಮತ್ತೆ ನೀರು ನಿಂತಿದೆ, ಬಸುರಿ ಎಂದು ತಿಳಿದ ವಾರ, ಮುಂಡಗೋಡದಿಂದ ನನ್ನ ಮೈದುನ ತನ್ನ ಹೊಸ ಕಾರಿನಲ್ಲಿ ಬಂದ. ಬಿಳಿ ಕಾರು, ಬಾಗಿಲು ಹಾಕಿದರೆ ಹೊರಗಿನ ಸದ್ದೇ ಕೇಳದು. ಅಣ್ಣತಮ್ಮಂದಿರು ಕಟ್ಟೆಯ ಮೇಲೆ ಕೂತರು. ನಾನು ಚಹಾ ತಂದಿಟ್ಟೆ.

"ಈ ಸಲ ಟರ್ಬೊ ಕೂಡಸ್ತೇನಿ ಇದಕ್ಕ," ಅಂದರು ನಮ್ಮ ಮನೆಯವರು.

ಮೈದುನ ನಕ್ಕುಬಿಟ್ಟ. "ಏ ಅಣ್ಣಾ, ಮುದುಕಗ ಹೊಸಾ ಹಲ್ಲ ಕಟ್ಟಿಸಿದ್ರ ಓಡ್ತಾನೇನ? ಮಾರಿಬಿಡು ಇದನ್ನ. ಈಗ ಕಂಪನ್ಯಾಗ ಟರ್ಬೊ ಹಾಕೇ ಕೊಟ್ಟ ಗಾಡಿ ಬರ್ತಾವ. ಕಾಲಿಟ್ಟಿ ಅಂದ್ರ ಏರ ಬಂದದ್ದ ಗೊತ್ತಾಗೂದಿಲ್ಲ."

"ಕುಂಬಾರವಾಡದ ದಾರ್ಯಾಗ ನಿನ್ನ ಕಾರಿನ ಹೊಟ್ಟಿ ಹರೀತೈತಿ."

"ಹಂಗಾರ ಎತ್ತರದ್ದ ತಗೋ. ಅಂಥಾವೂ ಅದಾವಲ್ಲ?"

"ಇದು ಅಪ್ಪನ ಗಾಡಿ."

"ಅಪ್ಪಗ ಅವಸರ ಇರಲಿಲ್ಲ," ಅಂದ ಮೈದುನ. ಅಂದವನೇ ತಲೆ ತಗ್ಗಿಸಿ ಚಹಾದ ಕಪ್ಪು ತಿರುಗಿಸತೊಡಗಿದ. ಯಾರ ಅವಸರದ ಮಾತು ಎಂಬುದು ಮೂವರಿಗೂ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ನನ್ನ ಕಡೆ ನೋಡಿ, "ನೀವರ ಹೇಳ್ರಿ ವೈನಿ," ಅಂದ.

"ನಂಗ ಗಾಡೀದು ಏನ ತಿಳೀತೈತಿ?" ಅಂದೆ. "ಈ ಕೂಸು ಉಳೀಬೇಕು. ಅದಕ್ಕ ಏನ ಮಾಡ್ತೀರೋ ಮಾಡ್ರಿ."

ಟರ್ಬೊ ಕೂಡಿಸಿದ್ದು ದಾಂಡೇಲಿಯ ಒಬ್ಬ ಮೆಕ್ಯಾನಿಕ್. ವಯಸ್ಸಾದವರು, ಐದು ಹೊತ್ತು ನಮಾಜು ತಪ್ಪಿಸದವರು. ನಮ್ಮ ಮನೆಯವರು ಅವರನ್ನು ಉಸ್ತಾದ್ ಅಂತಲೇ ಕರೆಯುವುದು. ಸಂತೆಗೆಂದು ಹೋದವಳು ನಾನೂ ಆ ದಿನ ಗ್ಯಾರೇಜಿನಲ್ಲಿ ಕೂತಿದ್ದೆ. ಉಸ್ತಾದರು ಚಿಂದಿಬಟ್ಟೆಯಲ್ಲಿ ಸುತ್ತಿದ್ದ ವಸ್ತುವನ್ನು ಬಿಚ್ಚಿ ತೋರಿಸಿದರು. ಕಬ್ಬಿಣದ ಬಸವನಹುಳುವಿನಂತೆ ಸುತ್ತಿಕೊಂಡು ಮಲಗಿತ್ತು. ಬಾಯಿಯೊಳಗೆ ಸಣ್ಣ ಚಕ್ರ, ತೆಳ್ಳಗಿನ ಎಸಳುಗಳು.

"ಎಂಜಿನ್‌ದ ಹೊಗಿ ಹೊರಗ ಹೋಗ್ತೈತಲ್ರಿ ಅಕ್ಕಾರ, ಆ ಹೊಗೀ ಜೋರಿಗೆ ಈ ಚಕ್ಕರ ತಿರಗತೈತಿ. ಇದು ತಿರಗಿ ಎಂಜಿನ್‌ದ ಎದಿಯೊಳಗ ಗಾಳಿ ತುಂಬತೈತಿ," ಎಂದು ಬಿಡಿಸಿ ಹೇಳಿದರು.

ಒಲೆಗೆ ಊದುಗೊಳವೆ ಹಿಡಿದಂತೆ ಎಂದು ನಾನು ತಿಳಿದುಕೊಂಡೆ. ಆದರೆ ಆ ಎಸಳುಗಳ ಮೇಲೆ ಕಪ್ಪು ಕಲೆ ಇತ್ತು. ಹೊಸದಲ್ಲ.

"ಯಾವ ಗಾಡೀದ್ರಿ ಇದು?"

"ಗುಜರಿಯಿಂದ ತಂದದ್ದು."

"ಆ ಗಾಡಿಗೆ ಏನಾಗಿತ್ತು?"

ಉಸ್ತಾದರು ಒಂದು ಗಳಿಗೆ ಕೈ ಒರೆಸಿಕೊಂಡರು. "ಕಬ್ಬಣಕ್ಕ ಯಾರ ಹೆಸರೂ ಇರೂದಿಲ್ರಿ ಅಕ್ಕಾರ," ಅಂದರು. ನಾನು ಸೊಂಟದ ಚೀಲದಿಂದ ವಿಭೂತಿ ತೆಗೆದು ಅದಕ್ಕೆ ಮೂರು ಬೆರಳು ಎಳೆದೆ. ಅವರು ಬೇಡ ಅನ್ನಲಿಲ್ಲ. ಮುಗಿದ ಮೇಲೆ ನಮ್ಮ ಮನೆಯವರಿಗೆ ಒಂದೇ ಮಾತು ಹೇಳಿದರು: "ಏರ ಹತ್ತಿದ ಮ್ಯಾಲ ಒಮ್ಮಿಗೇ ಬಂದ್ ಮಾಡಬ್ಯಾಡ್ರಿ. ಎರಡ ನಿಮಿಷ ಸುಮ್ನ ಚಾಲೂ ಬಿಡ್ರಿ. ಇದು ಕೆಂಪಗ ಕಾದಿರತೈತಿ, ಎಣ್ಣಿ ಓಡಾಡಿ ತಣ್ಣಗ ಆಗಬೇಕು."

ಗಾಡಿ ಏರಿನಲ್ಲಿ ಎಳೆಯಿತು. ಸುಳ್ಳು ಹೇಳುವುದಿಲ್ಲ, ಚೆನ್ನಾಗಿಯೇ ಎಳೆಯಿತು. ನಮ್ಮ ಮನೆಯವರ ಮುಖದಲ್ಲಿ ಎರಡು ವರ್ಷದಿಂದ ಕಾಣದ ನಗು ಕಂಡೆ. ಆದರೆ ಏರು ಮುಗಿದ ಕೂಡಲೇ ನಾನು, "ಬಂದ್ ಮಾಡ್ರಿ," ಅಂದೆ.

"ಎರಡ ನಿಮಿಷ ಬಿಡಬೇಕಂತ."

"ದೇವರ ಮುಂದ ಎರಡ ನಿಮಿಷ ಬುಸ್ ಅಂತ ಸದ್ದ ಮಾಡ್ಕೊಂಡು ನಿಂದ್ರೂದೇನ್ರಿ? ಹೋದ ಸಲ ನಿಂದ್ರದ ಹೋದ್ವಿ. ಏನಾತು ನೋಡಿದ್ರಿ."

ಆಗಲೇ ನಾನು ನನ್ನ ಲೆಕ್ಕವನ್ನು ಮೊದಲ ಸಲ ಬಾಯಿ ಬಿಟ್ಟು ಹೇಳಿದ್ದು. ಅವರು ನನ್ನ ಮುಖ ನೋಡಿ ಚಾವಿ ತಿರುಗಿಸಿದರು. ಅಂದಿನಿಂದ ನಾನು ಜೊತೆಗಿರಲಿ ಬಿಡಲಿ, ವಾರಕ್ಕೆ ಎರಡು ಸಲ ಆ ರಸ್ತೆಯಲ್ಲಿ ಹೋದಾಗಲೆಲ್ಲ ಅಲ್ಲಿ ಒಮ್ಮೆಲೇ ಬಂದ್ ಮಾಡಿದರು. ಮನೆಗೆ ಬಂದ ಮೇಲೆ ನಾನು ಕೇಳುತ್ತಿದ್ದೆ, "ಬಂದ್ ಮಾಡಿದ್ರ್ಯಾ?" "ಮಾಡೇನಿ," ಅನ್ನುತ್ತಿದ್ದರು.

ಎಂಜಿನ್ ನಿಂತರೂ ಆ ಸಿಳ್ಳು ನಿಲ್ಲುತ್ತಿರಲಿಲ್ಲ. ಮೊದಲ ಸಲ ನನಗೆ ಅದು ಗೊತ್ತಾದದ್ದು ಅಲ್ಲಿಯೇ. ಚಾವಿ ತಿರುಗಿಸಿದ ಮೇಲೂ ಬಾನೆಟ್ಟಿನ ಕೆಳಗೆ ಆ ಉಸಿರು ತಾನೇ ತಾನಾಗಿ ಎಳೆಯುತ್ತಲೇ ಇತ್ತು. ನಮ್ಮಿಬ್ಬರಲ್ಲದೆ ಇನ್ನೊಬ್ಬರು ಗಾಡಿಯಲ್ಲಿ ಕೂತು, ನಾವು ಇಳಿದು ಹೋಗುವುದನ್ನೇ ಕಾಯುತ್ತಿದ್ದಂತೆ. ಕಾಡಿನ ಹಕ್ಕಿಗಳೂ ಆ ಹೊತ್ತಿಗೆ ಸುಮ್ಮನಿರುತ್ತಿದ್ದವು. ನಾನು ಕಣ್ಣು ಮುಚ್ಚಿ ನಮಃ ಶಿವಾಯ ಅನ್ನತೊಡಗಿದೆ. ಒಂಬತ್ತನೆಯದಕ್ಕೆ ಉಸಿರು ಸಣ್ಣಗಾಗಿ, ಟಿಕ್ ಎಂದು ನಿಂತಿತು.

"ಚಕ್ರ ತಿರಗಿ ನಿಂದರತೈತಿ, ಅಷ್ಟ," ಅಂದರು ನಮ್ಮ ಮನೆಯವರು.

ಒಂದೆರಡು ತಿಂಗಳು ಕಳೆದ ಮೇಲೆ ಅದು ಏಳಕ್ಕೆ ನಿಂತಿತು. ಗಣಪತಿ ಹಬ್ಬದ ಹೊತ್ತಿಗೆ ಐದಕ್ಕೆ. ಉಳವಿಯ ಗುಡಿಗೆ ಕಾಯಿ ಒಡೆಸಲು ಹೋದ ದಿನ ಮೂರಕ್ಕೇ. ನನಗೆ ಒಳಗೊಳಗೇ ಸಮಾಧಾನವಾಯಿತು. ಕಲ್ಲು ನಮ್ಮ ನೇಮ ಒಪ್ಪಿಕೊಳ್ಳುತ್ತಿದೆ, ಆ ಉಸಿರನ್ನು ದಿನಕ್ಕಷ್ಟು ದಿನಕ್ಕಷ್ಟು ಕಟ್ಟಿಹಾಕುತ್ತಿದೆ ಎಂದು ತಿಳಿದು ಹೆಚ್ಚೆಚ್ಚು ಎಲೆ ಹಾಕಿದೆ.

ಮನೆಯಲ್ಲಿ ಮಾತ್ರ ಸಮಾಧಾನ ಇರಲಿಲ್ಲ. ಜೀಪು ಅಂಗಳಕ್ಕೆ ಬಂದರೆ ಎಮ್ಮೆ ಹಾಲು ಇಳಿಸುತ್ತಿರಲಿಲ್ಲ, ಕಿವಿ ನೆಟ್ಟಗೆ ಮಾಡಿ ಗೋಡೆ ನೋಡುತ್ತ ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ಅಂಗಳದಲ್ಲಿ ಹಪ್ಪಳ ಹರವುತ್ತಿದ್ದಾಗ ರಸ್ತೆ ಕಡೆಯಿಂದ ಆ ಸಿಳ್ಳು ಕೇಳಿತು. ಬಂದರು ಎಂದು ತಲೆ ಎತ್ತಿದರೆ ಜೀಪು ನನ್ನ ಎದುರಿಗೇ, ಚಪ್ಪರದಡಿ, ತಣ್ಣಗೆ ನಿಂತಿದೆ. ನಮ್ಮ ಮನೆಯವರು ಒಳಗೆ ಮಲಗಿದ್ದಾರೆ. ಎಬ್ಬಿಸಿ ಹೇಳಿದೆ.

"ಮಂಗಟ್ಟೆ ಹಕ್ಕಿ ಇರಬೇಕು. ಅದು ಹಾರಿದ್ರ ರೆಕ್ಕಿ ಹಂಗ ಸದ್ದ ಮಾಡ್ತಾವ," ಎಂದು ಮಗ್ಗುಲು ಬದಲಿಸಿದರು.

ಮಂಗಟ್ಟೆಯನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ದಾಂಡೇಲಿ ಸುತ್ತ ಅವುಗಳಿಗೆ ಬರವಿಲ್ಲ. ದೊಡ್ಡ ರೆಕ್ಕೆ, ದೊಡ್ಡ ಸದ್ದು, ನಿಜ. ಆದರೆ ಆಗ ಆಕಾಶದಲ್ಲಿ ಏನೂ ಇರಲಿಲ್ಲ.

ಇಷ್ಟು ಹಿಂದಿನದು. ಈಗ ಆ ಸೋಮವಾರಕ್ಕೆ ಬರುತ್ತೇನೆ.

ನಾನು ಎರಡು ಸೀರೆ, ಒಂದು ದುಪ್ಪಟಿ, ಹಳೆಯ ಮೆತ್ತನೆಯ ಪಂಚೆ ತುಂಬಿಕೊಂಡು ಜೀಪು ಹತ್ತಿದೆ. ದಾಂಡೇಲಿ ಹೇಗೆ ದಾಟಿದೆವೋ ನೆನಪಿಲ್ಲ. ಸೂಪಾದ ಹತ್ತಿರ ಮಂಜು ಇನ್ನೂ ನೀರಿನ ಮೇಲೇ ಕೂತಿತ್ತು. ಏರು ಸುರುವಾಯಿತು. ಸಿಳ್ಳು ಕಿವಿಯ ಹತ್ತಿರವೇ ಬಂದಂತೆ ಏರತೊಡಗಿತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ರಸ್ತೆಯೇ ಕಾಣದು, ನೀಲಿ ಹೊಗೆ.

"ಎಣ್ಣಿ ಕುಡ್ಯಾಕ ಹತ್ತೇತಿ," ಅಂದರು ನಮ್ಮ ಮನೆಯವರು. "ಹೋದ ವಾರನೂ ತುಂಬಿಸೇನಿ. ಇರಲಿ, ಇವತ್ತೊಂದಿನ ಹೋಗಿ ಬಂದ್ರ ಸಾಕು."

ಅವರು ಗಾಡಿಯನ್ನು ಅಷ್ಟು ಜೋರು ಹೊಡೆದದ್ದನ್ನು ನಾನು ಕಂಡಿರಲಿಲ್ಲ. ಏರು ಮುಗಿಯಿತು. ಮತ್ತಿ ಮರ ಕಂಡಿತು.

"ಇವತ್ತ ಬ್ಯಾಡ. ಚಾಲೂ ಗಾಡ್ಯಾಗ ಕೈ ಮುಗುದು ಹೋಗೂಣು," ಅಂದರು.

"ಇವತ್ತ ಬಿಟ್ರ ಮತ್ಯಾವಾಗ್ರಿ?" ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಎನಿಸಿತು. "ಒಂದ ಎಲಿ ಹಾಕಿ ಬರ್ತೇನಿ. ಬಂದ್ ಮಾಡ್ರಿ. ಮಗಳ ಸಲುವಾಗಿ ಮಾಡ್ರಿ."

ಮಾಡಿದರು. ಚಾವಿ ತಿರುಗಿಸಿ ಹೊರಗೇ ಎಳೆದುಕೊಂಡರು.

ಎಂಜಿನ್ ನಿಲ್ಲಲಿಲ್ಲ.

ಒಂದು ಗಳಿಗೆ ಇಬ್ಬರಿಗೂ ಅರ್ಥವಾಗಲಿಲ್ಲ. ಚಾವಿ ಅವರ ಅಂಗೈಯಲ್ಲಿತ್ತು. ಕಾಲು ಯಾವುದರ ಮೇಲೂ ಇರಲಿಲ್ಲ. ಆದರೂ ಎಂಜಿನ್ ಏರತೊಡಗಿತು, ಯಾರೋ ಕೆಳಗಿನಿಂದ ಒತ್ತುತ್ತಿರುವಂತೆ. ಸಿಳ್ಳು ಚೀರಾಟವಾಯಿತು. ಹಿಂದಿನಿಂದ ಬಿಳಿ ಹೊಗೆ ಹೊರಟು ರಸ್ತೆ, ಮರ, ಕಲ್ಲು ಎಲ್ಲವನ್ನೂ ಮುಚ್ಚಿತು. ಸೀಟು, ಗಾಜು, ನನ್ನ ಹಲ್ಲು ಎಲ್ಲ ನಡುಗುತ್ತಿದ್ದವು. ಅಂಗಳದಿಂದಲೇ ಕಿತ್ತು ತಂದಿದ್ದ ಎಲೆಯೂ ಕೈಯಲ್ಲಿ ನಡುಗುತ್ತಿತ್ತು. ಅದು ಈಗ ಮಾತಾಡುತ್ತದೆ, ಇಷ್ಟು ದಿನ ಎಳೆದುಕೊಂಡ ಉಸಿರನ್ನೆಲ್ಲ ಈಗ ಬಿಡುತ್ತದೆ ಎಂದು ನನಗೆ ಅನಿಸಿತು. ಉಳವಿ ಅಪ್ಪಾ ಎಂದು ಕೂಗಿದೆನಂತೆ. ನನಗೆ ಕೇಳಿಸಲಿಲ್ಲ.

"ಇಳೀ! ದೂರ ಹೋಗ!" ಎಂದು ಅವರು ನನ್ನನ್ನು ಹೊರಗೆ ನೂಕಿದರು. ತಾವು ಇಳಿಯಲಿಲ್ಲ. ಬ್ರೇಕಿನ ಮೇಲೆ ಎದ್ದು ನಿಂತಂತೆ ಕಾಲೂರಿ, ಗಾಡಿಯನ್ನು ಮೇಲಿನ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟರು. ಜೀಪು ಕಟ್ಟಿದ ಎತ್ತಿನಂತೆ ಮುಂದಕ್ಕೆ ನೆಗೆಯಿತು, ಒದರಿತು, ಮತ್ತೊಮ್ಮೆ ನೆಗೆದು ಸತ್ತಿತು.

ಆಮೇಲೆ ಏನೂ ಇಲ್ಲ. ಸಿಳ್ಳೂ ಇಲ್ಲ. ನಾನು ನಮಃ ಶಿವಾಯ ಅನ್ನಲು ಬಾಯಿ ತೆರೆದೆ, ಎಣಿಸಲು ಏನೂ ಉಳಿದಿರಲಿಲ್ಲ. ಹೊಗೆ ಮೆಲ್ಲಗೆ ಮರದ ಕಡೆ ಸರಿದು, ಕಲ್ಲಿನ ಸುತ್ತ ನಿಂತಿತು. ಅವರು ಸ್ಟೇರಿಂಗಿಗೆ ಹಣೆ ಹಚ್ಚಿ ಕೂತಿದ್ದರು.

ಫೋನು ನೋಡಿದೆವು. ಒಂದು ಗೆರೆಯೂ ಇಲ್ಲ. ಮುಂದೆ ಕುಂಬಾರವಾಡಕ್ಕೆ ಇನ್ನೂ ದೂರ. ಅಲ್ಲಿ ಮಗಳು ನಮ್ಮ ದಾರಿ ಕಾಯುತ್ತ ಮಲಗಿದ್ದಾಳೆ. ಅದೇ ಒಂದು ತಾಸು, ಅದೇ ರಸ್ತೆ. ಈ ಸಲ ಅದನ್ನು ಕಳೆದವಳು ನಾನು. ಆಗ ನಾನು ದೇವರಿಗೆ ಏನು ಹೇಳಿದೆನೆಂದು ಇಲ್ಲಿ ಬರೆಯಲಾರೆ. ಒಳ್ಳೆಯ ಮಾತಲ್ಲ. ಅವನು ಅದನ್ನು ಹೊಟ್ಟೆಗೆ ಹಾಕಿಕೊಂಡ ಎಂದಷ್ಟೇ ಬರೆಯುತ್ತೇನೆ.

"ನಾ ನಡದು ಹೋಗ್ತೇನಿ," ಅಂದರು ನಮ್ಮ ಮನೆಯವರು. ಚಪ್ಪಲಿ ಸರಿಮಾಡಿಕೊಂಡು ಹತ್ತು ಹೆಜ್ಜೆ ಹೋದರು. ಅಷ್ಟರಲ್ಲಿ ತಿರುವಿನ ಆಚೆಯಿಂದ ಬಸ್ಸು ಬಂತು.

ಉಳವಿಯಿಂದ ದಾಂಡೇಲಿಗೆ ಬರುವ ಬೆಳಗಿನ ಬಸ್ಸು. ಅದು ಎಂದೋ ಹೋಗಿಬಿಟ್ಟಿರಬೇಕಿತ್ತು. ಹೊಗೆ ನೋಡಿ ಡ್ರೈವರು ನಿಲ್ಲಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಏನ್ರಿ ಯಜಮಾನ್ರ, ಇಡೀ ಕಾಡಿಗೆ ಬೆಂಕಿ ಹಚ್ಚಾಕ ಹತ್ತೀರಿ ಏನ?"

ನಮ್ಮ ಮನೆಯವರು ಉತ್ತರ ಕೊಡುವ ಮೊದಲೇ ಬಸ್ಸಿನೊಳಗಿಂದ, "ಯಪ್ಪಾ!" ಎಂಬ ದನಿ ಬಂತು. ಮಗಳದು.

ಉದ್ದ ಸೀಟಿನ ಮೇಲೆ ಮಲಗಿದ್ದಳು. ಕೊಂಕಣಿ ಮಾತಾಡುವ ಇಬ್ಬರು ಹೆಂಗಸರು, ಮೊದಲು ಎಂದೂ ನೋಡದವರು, ಅವಳ ತಲೆ ಮತ್ತು ಕಾಲು ಹಿಡಿದು ಕೂತಿದ್ದರು. ಅಳಿಯಂದಿರು ಚೀಲ ಅಪ್ಪಿಕೊಂಡು ನಿಂತಿದ್ದರು. ನಾವು ಜೀಪನ್ನು ಅಲ್ಲೇ ಬಿಟ್ಟು ಹತ್ತಿದೆವು. ಡ್ರೈವರು ಎಂಜಿನ್ ಬಂದ್ ಮಾಡದೆಯೇ ಕಿಟಕಿಯಿಂದ ಒಂದು ಎಲೆ ಕಲ್ಲಿನ ಕಡೆ ಎಸೆದು, ಗೇರು ಹಾಕಿದರು. ಅಷ್ಟೇ. ಇಷ್ಟು ವರ್ಷ ಎಲ್ಲರೂ ಮಾಡುತ್ತಿದ್ದುದು ಅಷ್ಟೇ.

ಮಗಳು ನನ್ನ ಕೈ ಹಿಡಿದು, "ಅವ್ವಾ, ನೀವು ಹೆಂಗ ಇಲ್ಲಿ ಉಳದ್ರಿ?" ಅಂದಳು. "ನಾ ನಿಮ್ಮ ಗಾಡಿ ಸಿಳ್ಳ ಕೇಳೇ ಹೊರಗ ಬಂದೆ."

"ಎಲ್ಲಿ ಕೇಳಿದಿ?"

"ಊರಾಗ. ಮನಿ ಮುಂದ. ಅಪ್ಪ ಬಂದ್ರು ಅಂತ ಎದ್ದು ರಸ್ತೆಕ ಬಂದೆ. ಇವರು ಬೈಕೋತ ಹಿಂದ ಬಂದ್ರು. ನೋಡಿದ್ರ ಜೀಪ ಇಲ್ಲ, ಬಸ್ ನಿಂತಿತ್ತು. ಟಾಯರ್ ಬದಲಿ ಮಾಡಿ ಆಗಷ್ಟ ಹೊಂಟಿತ್ತು."

ಅಳಿಯಂದಿರು ಹೌದೆಂದು ತಲೆಯಾಡಿಸಿದರು. ಅವರಿಗೆ ಏನೂ ಕೇಳಿಸಿರಲಿಲ್ಲವಂತೆ. ಬಸ್ಸು ಎಂದೋ ಹೋಯಿತೆಂದು ತಿಳಿದು ಅವರು ರಸ್ತೆ ಕಡೆ ನೋಡಿಯೂ ಇರಲಿಲ್ಲ. ನಾನು ಅವರಿಂದ ಹೊತ್ತು ಕೇಳಿ ತಿಳಿದುಕೊಂಡೆ. ಆ ಹೊತ್ತಿಗೆ ನಾವು ಇನ್ನೂ ದಾಂಡೇಲಿ ದಾಟಿರಲಿಲ್ಲ.

ನಮ್ಮ ಮನೆಯವರು ಮೆಲ್ಲಗೆ, "ಮಂಗಟ್ಟೆ ಇರಬೇಕು," ಅಂದರು. ಈ ಸಲ ಅವರ ದನಿಯಲ್ಲಿ ಗಟ್ಟಿತನ ಇರಲಿಲ್ಲ. ನಾನು ಮಗಳ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತೆ. ಬಸ್ಸು ಇಳಿಜಾರಿನಲ್ಲಿ ತನ್ನ ಪಾಡಿಗೆ ತಾನು ಇಳಿಯುತ್ತಿತ್ತು. ದಾರಿಯಲ್ಲಿ ಯಾರೂ ಇಳಿಯುತ್ತೇವೆ ಎಂದು ಕೂಗಲಿಲ್ಲ. ಆಸ್ಪತ್ರೆಯ ಗೇಟಿನವರೆಗೂ ಡ್ರೈವರು ಬಸ್ಸನ್ನು ಒಯ್ದರು.

ಹೆಣ್ಣುಕೂಸು. ಅಂಗೈ ಎರಡು ಕೂಡಿಸಿದಷ್ಟೇ ಇತ್ತು, ಆದರೆ ಅತ್ತಿತು. ಗೋಡೆಯ ಆಚೆ ನಿಂತು ಆ ಅಳುವನ್ನು ಕೇಳಿದ ನಮ್ಮ ಮನೆಯವರು ಬಾಗಿಲಿಗೆ ಬೆನ್ನು ಮಾಡಿ, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿ ಕೆಲವು ದಿನ ಇಟ್ಟು ಆಮೇಲೆ ನಮ್ಮ ಕೈಗೆ ಕೊಟ್ಟರು.

ಜೀಪನ್ನು ಹಗ್ಗ ಕಟ್ಟಿ ಎಳೆದು ತಂದದ್ದು ಉಸ್ತಾದರ ಗ್ಯಾರೇಜಿಗೆ. ಕೂಸು ಪೆಟ್ಟಿಗೆಯಲ್ಲಿದ್ದ ಒಂದು ದಿನ ನಾನೂ ಹೋದೆ. ಉಸ್ತಾದರು ಆ ಬಸವನಹುಳುವನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದರು. ನಡುವಿನ ಸಣ್ಣ ದಾರಿಯಲ್ಲಿ ಎಣ್ಣೆ ಸುಟ್ಟು ಕರಿ ಹತ್ತಿದ ಬಾಣಲೆಯ ತಳದಂತೆ ಗಟ್ಟಿಯಾಗಿ ಕೂತಿತ್ತು. ಬೆರಳಿನಿಂದ ಚಕ್ರ ತಿರುಗಿಸಲು ನೋಡಿದರೆ ತಿರುಗಲೇ ಇಲ್ಲ.

"ದಿನಾ ಒಂದೀಟ ಒಂದೀಟ ಎಣ್ಣಿ ಒಳಗ ಸುಟ್ಟೈತಿ. ಚಕ್ಕರ ಬಿಗಿ ಆಗ್ಕೋತ ಬಂದೈತಿ. ಆಮ್ಯಾಲ ಸೀಲ ಹೋಗಿ ಎಣ್ಣಿ ಎಂಜಿನ್‌ದಾಗ ಇಳದೈತಿ. ಡೀಸೆಲ್ ಬಂದ್ ಮಾಡಿದ್ರೇನು, ತನ್ನ ಎಣ್ಣಿ ತಾನ ಕುಡುದು ಓಡೇತಿ," ಅಂದರು. ದೀಪದ ಸಮೆಯ ಬಟ್ಟಲು ಹೊರಳಿ ಎಣ್ಣೆಗೇ ಬೆಂಕಿ ಹತ್ತಿದಂತೆ ಎಂದು ತಿಳಿಯಿತು. ಒಂಬತ್ತು, ಏಳು, ಐದು, ಮೂರು. ಕಲ್ಲು ಒಪ್ಪಿಕೊಂಡಿತೆಂದು ನಾನು ಎಣಿಸಿದ್ದೆಲ್ಲ ಇದನ್ನೇ.

"ಎರಡ ನಿಮಿಷ ಅಂತ ಅಣ್ಣಾರಿಗೆ ಹೇಳಿದ್ನಲ್ಲಾ," ಎಂದು ಅವರು ನಮ್ಮ ಮನೆಯವರ ಕಡೆ ನೋಡಿದರು. ನಮ್ಮ ಮನೆಯವರು ನೆಲ ನೋಡಿದರು. ನನ್ನ ಹೆಸರು ಹೇಳಲಿಲ್ಲ.

"ಬಂದ್ ಮಾಡ್ಸಿದಾಕಿ ನಾನ್ರಿ ಉಸ್ತಾದ್," ಅಂದೆ. ಕಲ್ಲಿನ ನೇಮ ಹೇಳಿದೆ.

ಅವರು ನಗಲಿಲ್ಲ. "ನಮ್ಮ ಕಡೀನೂ ದರ್ಗಾದ ಮುಂದ ಹಾರ್ನ್ ಹೊಡೆಯಂಗಿಲ್ರಿ ಅಕ್ಕಾರ. ತಪ್ಪೇನೈತಿ?" ಎಂದು ಆ ವಸ್ತುವನ್ನು ಬದಿಗೆ ಸರಿಸಿ, "ಆದ್ರ ನಿಮ್ಮ ಮಾವಾರು ಬಂದ್ ಮಾಡ್ತಿದ್ದದ್ದು ಬ್ಯಾರೆದಕ್ಕ. ಆವಾಗ ನಾ ಇಲ್ಲೇ ಕೆಲಸಕ್ಕಿದ್ದೆ. ಆ ಗಾಡಿ ಏರ ಮುಗಿಯೂದ್ರಾಗ ನೀರ ಕುದ್ದು ಉಕ್ಕತಿತ್ತು. ಬಂದ್ ಮಾಡ್ದ ಗತಿ ಇರಲಿಲ್ಲ. ನಿಂತಾಗ ಎಲಿ ಹಾಕ್ತಿದ್ರು," ಅಂದರು.

ನಮ್ಮ ಮನೆಯವರಿಗೆ ಅದು ಗೊತ್ತಿತ್ತು. ಮುಖ ನೋಡಿದರೇ ತಿಳಿಯುತ್ತಿತ್ತು. ಆರು ತಿಂಗಳು ನನ್ನ ದುಃಖಕ್ಕೆ ಎದುರು ಮಾತಾಡಬಾರದೆಂದು ಸುಮ್ಮನಿದ್ದರು, ಅಷ್ಟೇ. ಅದನ್ನೂ ನಾನು ದೇವರು ಕೊಟ್ಟದ್ದರಲ್ಲಿ ಸೇರಿಸುತ್ತೇನೆ. ಬಸ್ಸಿನ ಟಾಯರು ಕೆಟ್ಟದ್ದನ್ನೂ ಸೇರಿಸುತ್ತೇನೆ, ಹೆಸರು ತಿಳಿಯದ ಆ ಇಬ್ಬರು ಹೆಂಗಸರನ್ನೂ. ಮಗಳಿಗೆ ಕೇಳಿದ ಸಿಳ್ಳನ್ನು ಯಾವುದರಲ್ಲಿ ಸೇರಿಸಬೇಕೋ ತಿಳಿಯದೆ ಬಿಟ್ಟಿದ್ದೇನೆ. ಅದು ಎಲ್ಲಿಂದ ಬಂತೆಂದು ಉಸ್ತಾದರನ್ನು ಕೇಳಲಿಲ್ಲ, ಆ ವಸ್ತು ಮೊದಲು ಯಾವ ಗಾಡಿಯಲ್ಲಿತ್ತೆಂದೂ ಮತ್ತೆ ಕೇಳಲಿಲ್ಲ.

ಕೂಸು ಮನೆಗೆ ಬಂದ ದಿನ ಮುಂಡಗೋಡದಿಂದ ಮೈದುನ ಬಂದ. ತೊಟ್ಟಿಲಿಗೆ ಇಣುಕಿ ನೋಡಿ, ದನಿ ತಗ್ಗಿಸಿ, ಕಟ್ಟೆಯ ಮೇಲೆ ಅಣ್ಣನ ಪಕ್ಕ ಕೂತ.

"ಈಗರ ಮಾರ್ತೀಯೇನ ಅಣ್ಣಾ?"

"ಉಸ್ತಾದ್ ಹೊಸಾದ ಕೂಡಸ್ತೇನಿ ಅಂದಾರ. ಈ ಸಲ ಗುಜರೀದಲ್ಲ."

"ಮತ್ತ ಅದ! ವೈನಿ, ನೀವರ ಹೇಳ್ರಿ ಇಂವಗ."

"ಗಾಡಿ ಯಾವದರ ಇರಲಿ," ಅಂದೆ. "ಏರ ಮುಗದ ಮ್ಯಾಲ ಎರಡ ನಿಮಿಷ ಚಾಲೂ ಇಟ್ಟ ನಿಂದರಸ್ರಿ. ಅಷ್ಟೊತ್ತಿನಾಗ ಎಲಿ ಹಾಕಿ, ಕೈ ಮುಗುದು ಬರ್ತೇನಿ. ಸದ್ದಿಗೆ ದೇವರ ಸಿಟ್ಟಾಗೂದಿಲ್ಲ."

ಮೈದುನ ಹುಬ್ಬು ಏರಿಸಿ ಅಣ್ಣನನ್ನು ನೋಡಿದ. ಒಳಗಿನಿಂದ ಮಗಳು, "ಅವ್ವಾ, ತುಪ್ಪಾ ಹೊಗಿ ಆಡಾಕ ಹತ್ತೇತಿ ನೋಡ," ಎಂದು ಕೂಗಿದಳು. ಬಾಣಂತಿಗೆ ಅಂಟಿನುಂಡಿ ಕಟ್ಟುವುದಿತ್ತು. ಓಡಿಹೋಗಿ ಒಲೆ ಸಣ್ಣ ಮಾಡಿ, ಒಂದು ಹಿಡಿ ಅಂಟು ತುಪ್ಪಕ್ಕೆ ಬಿಟ್ಟು, ಅದು ಅರಳುವುದನ್ನು ನೋಡುತ್ತ ಜಾಲರಿ ಸೌಟು ಹಿಡಿದು ನಿಂತೆ.